ಹಾಳೆಗೆ ಅಂಟದ ಕೋಶಗಳು

ಸೊಲ್ಲಾಪುರದ ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗೆಂದು ನನಗೆ ಕೊಟ್ಟ ಕೆಲಸ ಹೇಳಲಿಕ್ಕೆ ಸಣ್ಣದು: ದೇಹದೊಳಗೆ ತಾನಾಗಿ ಕರಗಿಹೋಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ಚರ್ಮದ ಕೋಶಗಳನ್ನು ಬೆಳೆಸುವುದು. ಮುಂದೆಂದಾದರೂ ಸುಟ್ಟ ಗಾಯಕ್ಕೆ ಹೊದಿಸಬಹುದೆಂಬ ಆಸೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆ ಹಾಳೆಗೋ ನೀರೆಂದರೆ ಆಗದು. ಎಣ್ಣೆ ಸವರಿದ ಹಂಚಿನ ಮೇಲಿನಂತೆ ಹನಿ ಉರುಳಿಹೋಗುತ್ತಿತ್ತು. ಕೋಶಗಳೂ ಕಾಲೂರದೆ ತೇಲಿ ಸಾಯುತ್ತಿದ್ದವು.

ತತ್ತಿಯೊಳಗೆ ಬೆಳೆಯುವ ಮರಿಯ ಚರ್ಮದಿಂದ ಕೋಶ ತೆಗೆಯಲು, ಕಾವಿಗೆ ಮರಿಯಾಗುವ ಜವಾರಿ ಕೋಳಿಯ ತತ್ತಿ ಬೇಕು. ಕುರನೂರಿನ ಹೆಣ್ಣುಮಗಳೊಬ್ಬಳು ಅಕ್ಕಲಕೋಟದ ಬಸ್ ಸ್ಟ್ಯಾಂಡಿಗೆ ತಂದುಕೊಡುತ್ತಿದ್ದಳು. ನಮ್ಮ ಮನೆ ಅಲ್ಲೇ ಹತ್ತಿರ. ಆದರೆ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಅವ್ವ, "ಆ ಬುಟ್ಟಿ ಹೊಸ್ತಿಲಾ ದಾಟಬಾರದು ನೋಡು" ಅಂದಿದ್ದಳು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೀದಾ ಸೊಲ್ಲಾಪುರದ ಬಸ್ಸು ಹತ್ತುತ್ತಿದ್ದೆ.

"ಹಾಳಿ ಕಾಸ್ಟಿಕ್ ಸೋಡಾದಾಗ ಅದ್ದಿ ತಗಿ. ಮ್ಯಾಲಿನ ಪದರ ಖರಬರೀತ, ತರಿತರಿ ಆಗ್ಲಿ, ನೀರ ಹಿಡೀಲಿ" ಅಂದರು ನನ್ನ ಮಾರ್ಗದರ್ಶಕರು. ಅದ್ದಿದೆ. ಹೊತ್ತು ಹೆಚ್ಚಾದರೆ ಹಾಳೆ ಹಪ್ಪಳದಂತೆ ಮುರಿಯುತ್ತಿತ್ತು, ಕಡಿಮೆಯಾದರೆ ಏನೂ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಇದೇ.

ಒಂದು ಮುಂಜಾನೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಕೈಕಾಲು ಚಾಚಿ ಹಾಳೆ ತುಂಬ ಹಬ್ಬಿದ್ದವು! ಕೂಗಿಕೊಂಡೆ. ಮಾರ್ಗದರ್ಶಕರು ಬಂದು ನೋಡಿ ಫೋಟೋ ತೆಗೆಸಿದರು. "ಬರೋಬರ್ ಆತು. ಮತ್ತ ಮೂರು ಸಲ ಮಾಡಿ ತೋರ್ಸು."

ಮೂರಲ್ಲ, ಐದು ಸಲ ಮಾಡಿದೆ. ಒಂದರಲ್ಲೂ ಬರಲಿಲ್ಲ. ಆಮೇಲೆ ನೆನಪಾಯಿತು: ಆ ಹಾಳೆ ಅದ್ದಿದ ದಿನ ಹೊಸ ದ್ರಾವಣ ಮುಗಿದಿತ್ತೆಂದು ಕಪಾಟಿನ ಮೂಲೆಯ ಹಳೆಯ ಬಾಟಲಿ ಬಳಸಿದ್ದೆ. ಮುಚ್ಚಳ ಸಡಿಲಿದ್ದು ಗಾಳಿಗೆ ಅದರ ಖಾರ ಇಳಿದಿರಬೇಕು. ಎಷ್ಟು ಇಳಿದಿತ್ತೆಂದು ಅಳೆದರೆ ಸಾಕು, ಗುಟ್ಟು ಸಿಕ್ಕಂತೆ. ಕಪಾಟಿಗೆ ಓಡಿದೆ. ಬಾಟಲಿ ಫಳಫಳ ಹೊಳೆಯುತ್ತ ಬೋರಲು ಬಿದ್ದಿತ್ತು.

"ತಳದಾಗ ಬಿಳೇ ರಾಡಿ ಕುಂತಿತ್ರಿ ಅಕ್ಕಾರ, ತೊಳದಿಟ್ಟೀನ್ರಿ" ಅಂದಳು ನಾವೆಲ್ಲ ಮಾವಶಿ ಅನ್ನುತ್ತಿದ್ದ, ಸಾಮಾನು ತೊಳೆಯುವ ಕೆಲಸದಾಕೆ.

ಅವಳಿಗೇನು ಅನ್ನಲಿ? ಯಾವ ಬಾಟಲಿಯೆಂದು ನಾನೇ ಪ್ರಯೋಗದ ವಹಿಯಲ್ಲಿ ಬರೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ.

ಮತ್ತೆ ಮೊದಲಿಂದ, ತೀರ ತೆಳು ದ್ರಾವಣದಿಂದ ಒಂದೊಂದೇ ಹಂತ ಏರಿಸುತ್ತ ಹೋದೆ. ಕೋಶಗಳು ಅಲ್ಲಲ್ಲಿ ಅಂಟಿದವು, ಅವತ್ತಿನಂತೆ ಹಬ್ಬಲಿಲ್ಲ. "ಆ ಫೋಟೋನಽ ಹಾಕಿ ಬರಿ, ಯಾರ್ ಕೇಳ್ತಾರ?" ಅಂದರು ಮಾರ್ಗದರ್ಶಕರು.

"ಮತ್ತ ಮಾಡ್ಲಿಕ್ಕೆ ಬರದ್ದು ಹೆಂಗ ಹಾಕ್ಲಿ ಸರ್?"

ಹಾಕಲಿಲ್ಲ. ಅವರು ಬಹಳ ದಿನ ಮಾತು ಬಿಟ್ಟರು. ಅರ್ಧಂಬರ್ಧ ಅಂಟಿದ ಕೋಶಗಳ ಮೇಲೆಯೇ ಪ್ರಬಂಧ ಬರೆದೆ, ಪದವಿಯೂ ಬಂತು. ಪೇಢೆ ಹಂಚಿದ ಅವ್ವ, "ಇನ್ನರ ಆ ತತ್ತಿ ಬಿಡ್ತಿಯಲಾ?" ಅಂದಳು.