ಬೋರ್ಡು ಖಾಲಿಯಾದ ಮೇಲೆ

ನಂಬದವರು ನಂಬಬೇಡಿ. ನಡೆದದ್ದನ್ನು ಅಂದಂದೇ ತಾರೀಕು ಹಾಕಿ ಬರೆದಿಡುವವಳು ನಾನು. ಇದಕ್ಕೆ ಒಂದು ಅಕ್ಷರವನ್ನೂ ಸೇರಿಸಿಲ್ಲ. ನವೆಂಬರಿನ ಒಂದು ಗುರುವಾರ ರಾತ್ರಿ...

ನಾನು ಕೂತಿರುವುದು ಐರ್ಲೆಂಡಿನ ಲಿಮೆರಿಕ್‌ನಲ್ಲಿ, ಕಾಯುವುದು ಆಸ್ಟ್ರೇಲಿಯಾದ ಮರಳುಗಾಡಿನ ಗಣಿ ಊರೊಂದನ್ನು. ಅಲ್ಲಿನ ಕ್ಯಾಮೆರಾಗಳನ್ನು ಇಲ್ಲಿಂದ ಒಬ್ಬಳೇ ನೋಡಬೇಕು. ಸುರಂಗಕ್ಕೆ ಇಳಿಯುವವರು ತಮ್ಮ ಹೆಸರಿನ ಟೋಕನ್ನನ್ನು ಬೋರ್ಡಿಗೆ ತೂಗುಹಾಕುತ್ತಾರೆ, ಮೇಲೆ ಬಂದಾಗ ತೆಗೆದುಕೊಳ್ಳುತ್ತಾರೆ. ಬೋರ್ಡು ಖಾಲಿಯಾಗಿ, ನಾನು ‘ಕ್ಲಿಯರ್’ ಎಂದ ಮೇಲೆಯೇ ಕೆಳಗೆ ಬಂಡೆ ಒಡೆಯುವ ಸ್ಫೋಟ.

ಅಲ್ಲಿ ಕನ್ನಡ ಬಲ್ಲವರು ಬಳ್ಳಾರಿಯ ಸಲೀಮಣ್ಣ ಒಬ್ಬರೇ. ಆ ರಾತ್ರಿಯೂ ಸುರಂಗದ ಫೋನಿನಿಂದ ಮಾತಾಡಿದ್ದರು.

“ಊಟ ಆತೇನ್ ತಂಗಿ? ಮಳಿ ಐತೇನು?”

“ಇದ್ದೇ ಇದೆ. ನೀವು?”

“ಒಣಗಿ ಹಪ್ಪಳ ಆಗೇನಿ. ಒಂದ್ ಬಕೀಟ್ ಕಳಸು.”

“ಗ್ರ್ಯಾಂಡ್ ಅಣ್ಣ, ಕಳಿಸ್ತೀನಿ.”

‘ಆಯ್ತು’, ‘ಚೆನ್ನಾಗಿದೆ’ ಎರಡಕ್ಕೂ ಇಲ್ಲಿಯವರು ಅನ್ನುವ ಆ ‘ಗ್ರ್ಯಾಂಡ್’ ಬಿಟ್ಟರೆ, ಇಡೀ ವಾರದಲ್ಲಿ ನಾನಾಡಿದ ಕನ್ನಡ ಅಷ್ಟೇ.

ಅಲ್ಲಿ ಬೆಳಗಾಯಿತು. ಪಾಳಿ ಮುಗಿಸಿದವರು ಕೆಂಪು ಧೂಳಿನಲ್ಲಿ ಬಸ್ ಹತ್ತಿದರು. ಬೋರ್ಡು ಖಾಲಿ. ಮೈಕಿಗೆ ಕೈ ಚಾಚಿದೆ...

ಫೋನ್ ಬಡಿಯಿತು. ಪರದೆಯ ಮೇಲೆ ಬಂದದ್ದು ಕಲ್ಲು ಕುಸಿದು ಎಂದೋ ಮುಚ್ಚಿಹೋದ ಹಳೆಯ ಸುರಂಗದ ಹೆಸರು. ಎತ್ತಿದೆ. ನೀರು ತೊಟ್ಟಿಕ್ಕುವ ಸದ್ದು... ನಿಧಾನವಾದ ಉಸಿರು... ಒದ್ದೆ ಕಾರ್ಪೆಟ್ ವಾಸನೆಯ ನನ್ನ ಕೋಣೆಯಲ್ಲಿ ಸುಟ್ಟ ಸಿಡಿಮದ್ದಿನ ಘಾಟು.

“ತಡೀರಿ,” ಎಂದಿತು ಪಿಸುದನಿ. ಕನ್ನಡದಲ್ಲಿ. “ನಾವಿಬ್ಬರು ಇನ್ನೂ ಇದ್ದೀವಿ.”

ಸ್ಫೋಟ ನಿಲ್ಲಿಸಿದೆ. ಹುಡುಕಲು ಇಳಿದವರಿಗೆ ಸಲೀಮಣ್ಣ ಸಿಕ್ಕರು. ಕಾಲು ಮುರಿದು ಏಣಿಯ ಬುಡದಲ್ಲಿ ಬಿದ್ದಿದ್ದರು. ಬಸ್ ತಪ್ಪಬಾರದೆಂದು ಜೊತೆಗಾರನೊಬ್ಬ ಅವರ ಟೋಕನ್ನನ್ನೂ ತಾನೇ ತೆಗೆದುಕೊಂಡಿದ್ದ. ಹಿಂದೆಯೇ ಬರುತ್ತಿದ್ದಾರೆ ಅಂದುಕೊಂಡಿದ್ದನಂತೆ.

ಮೇಲೆ ತಂದ ಮೇಲೆ ಅವರೊಡನೆ ಮಾತಾಡಿದೆ.

“ಅಣ್ಣಾ, ನಿಮ್ ಜೊತೆ ಇದ್ದ ಇನ್ನೊಬ್ರು ಯಾರು?”

“ಯಾರವ್ವ? ನಾನೊಬ್ಬನೇ ಇದ್ದೆ.”

“ಮತ್ತೆ ಫೋನ್ ಮಾಡಿದ್ದು?”

“ಏಳಾಕ ಆಗವಲ್ದು, ಫೋನ್ ಎಲ್ಲಿ ಮಾಡ್ಲಿ? ಆದ್ರ ಯಾರೋ ಹೆಗಲ ಮ್ಯಾಲೆ ಕೈ ಇಟ್ಕೊಂಡು ಕುಂತಂಗ ಇತ್ತು... ಬಿಡು, ನೋವಿಗೆ ಹಂಗ ಅನಿಸಿರಬೇಕು.”

ನನ್ನ ಒತ್ತಾಯಕ್ಕೆ ಇನ್ನೊಮ್ಮೆ ಹುಡುಕಿದರು. ಪಾಳಿಯವರನ್ನೆಲ್ಲ ವಾಪಸ್ ಕರೆಸಿ, ಸಾಲಾಗಿ ನಿಲ್ಲಿಸಿ ಹೆಸರು ಕೂಗಿದರು. ಒಬ್ಬರೂ ಕಡಿಮೆ ಇರಲಿಲ್ಲ. ಇನ್ನು ತಡೆಯಲು ನನ್ನ ಬಳಿ ಕಾರಣವಿರಲಿಲ್ಲ.

‘ಕ್ಲಿಯರ್’ ಎಂದೆ.

ಸ್ಫೋಟಕ್ಕೆ ಪರದೆಯ ಚಿತ್ರ ನಡುಗುವ ಮುನ್ನ ಅದೇ ಹಳೆಯ ಸುರಂಗದ ಹೆಸರು ಮತ್ತೆ ಮಿನುಗಿತು... ಕೈ ಚಾಚುವಷ್ಟರಲ್ಲಿ ಆರಿತು.

ಸಲೀಮಣ್ಣ ಈಗ ಕುಂಟುತ್ತಾ ಓಡಾಡುತ್ತಾರೆ. “ಎಲ್ಲಾ ಗ್ರ್ಯಾಂಡ್ ಏನ್ ತಂಗಿ?” ಎಂದು ಕೇಳುತ್ತಾರೆ. ಹ್ಞೂಂ ಅನ್ನುತ್ತೇನೆ.

‘ನಾವಿಬ್ಬರು’ ಎಂದಿತ್ತು ಆ ದನಿ. ಮೇಲೆ ಬಂದದ್ದು ಒಬ್ಬರೇ.