ಪರದೆಯ ಮೇಲಿನ ಸೀರೆಯ ಬಣ್ಣ

ಪುಣೆಯ ಪೇಠೆಯೊಂದರಲ್ಲಿ ನನ್ನ ಕಾಕಾ ಇಳಕಲ್ ಸೀರೆಗಳ ಅಂಗಡಿ ಇಟ್ಟಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಶಿಕ್ಷಕಿಯರ ತರಬೇತಿಗಾಗಿ ಧಾರವಾಡದಿಂದ ಬಂದು ಆ ಮನೆಯಲ್ಲಿ ಇದ್ದೆ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಸಿನಿಮಾಕ್ಕೆ ಮಾತು ಬಂದು ಕೆಲವೇ ವರ್ಷಗಳಾಗಿದ್ದವು, ಬಣ್ಣ ಬಂದಿರಲಿಲ್ಲ. ಈ ಕೊನೆಯ ಸಂಗತಿಯನ್ನು ಓದುವವರು ನೆನಪಿನಲ್ಲಿಡಬೇಕು. ನಾವು ಅದನ್ನೇ ಮರೆತಿದ್ದೆವು.

ಮನೆಯಲ್ಲಿ ಪ್ರತಿಯೊಂದಕ್ಕೂ ಹೊತ್ತು ಗೊತ್ತುಮಾಡಿತ್ತು. ನಳದ ನೀರು, ಪೂಜೆ, ಊಟ, ಅಂಗಡಿಯ ಬಾಗಿಲು, ನನ್ನ ಓದು, ಯಾವುದೂ ಅದರದರ ಜಾಗ ಬಿಟ್ಟು ಸರಿಯುತ್ತಿರಲಿಲ್ಲ. ನನಗೆ ಆ ವ್ಯವಸ್ಥೆ ಒಪ್ಪಿತ್ತು. ಇವತ್ತಿಗೂ ನಾನು ಹಾಗೆಯೇ ಬದುಕುತ್ತೇನೆ. ಕಾಕಾನ ಹೆಂಡತಿ, ನಾವು ಕಾಕೂ ಎನ್ನುತ್ತಿದ್ದವಳು, ಅದರಲ್ಲಿ ಒಂದು ನಿಯಮವನ್ನು ಮಾತ್ರ ಒಪ್ಪುತ್ತಿರಲಿಲ್ಲ. ಅಂಗಡಿಯ ಗಾದಿಯ ಮೇಲೆ ಹೆಂಗಸರು ಕೂಡಬಾರದು ಎಂಬುದು ಆ ನಿಯಮ.

ಆ ವೇಳೆಗೆ ಪುಣೆಯ ಹೆಣ್ಣುಮಕ್ಕಳು ಗಂಡಸರನ್ನು ಬಿಟ್ಟು ತಾವೇ ಸೀರೆ ಕೊಳ್ಳಲು ಬರತೊಡಗಿದ್ದರು. ಕಾಕಾ ಗಂಭೀರ ಮುಖದಿಂದ ಸೀರೆ ಬಿಚ್ಚುತ್ತಿದ್ದರು. ಬಂದ ಹೆಂಗಸರು ನೋಡುತ್ತಿದ್ದರು, ಮುಟ್ಟುತ್ತಿದ್ದರು, ಎದ್ದು ಹೋಗುತ್ತಿದ್ದರು. ಇದರ ಬಗ್ಗೆ ಊಟದ ಹೊತ್ತಿನಲ್ಲಿ ಮಾತು ನಡೆಯುತ್ತಿತ್ತು.

"ಸೀರಿ ಮೈಮ್ಯಾಲ ಹಾಕ್ಕೊಂಡು ನೋಡಬೇಕಾಗ್ತದ್ರಿ ಅವರಿಗೆ. ನಿಮ್ಮ ಮುಂದ ಹ್ಯಾಂಗ ನೋಡ್ತಾರ?" ಎನ್ನುವಳು ಕಾಕೂ.

"ಇಷ್ಟು ವರ್ಷ ನೋಡ್ಯಾರಲ್ಲ."

"ನೋಡಿಲ್ಲ. ಅದಕ್ಕs ಎದ್ದು ಹೋಗ್ತಾರ. ಮಧ್ಯಾಹ್ನ ಒಂದೆರಡು ತಾಸು ನಾ ಕೂಡ್ತೀನಿ ಅಂತೀನಿ."

"ಸಾರು ಹಾಕು," ಎನ್ನುವರು ಕಾಕಾ.

ಹೀಗಿರುವಾಗ ಆ ಮರಾಠಿ ಸಿನಿಮಾ ಬಂತು. ಬರುವ ಮುಂಚೆಯೇ ಬಂದಿತ್ತು ಎನ್ನಬೇಕು. ಎತ್ತಿನ ಗಾಡಿಯ ಎರಡೂ ಮಗ್ಗುಲಿಗೆ ಹಲಗೆ ಕಟ್ಟಿ, ಮುಂದೆ ಬ್ಯಾಂಡ್ ಬಾರಿಸುತ್ತಾ, ಬಣ್ಣಬಣ್ಣದ ಚೀಟಿಗಳನ್ನು ತೂರುತ್ತಾ ಅದು ನಮ್ಮ ಓಣಿಯಲ್ಲಿ ಹಾದುಹೋಯಿತು. ಹಾಡುಗಳ ಪುಸ್ತಕ ಸಿನಿಮಾಕ್ಕಿಂತ ಮೊದಲೇ ಮಾರಾಟವಾಯಿತು. ನೋಡದವರು ನೋಡಿದವರಂತೆ ಕತೆ ಹೇಳಿದರು. ಹಿಂದಿನ ವರ್ಷ ಇನ್ನೊಂದು ಸಿನಿಮಾ ನೋಡಿ ನನ್ನ ಸಹಪಾಠಿಗಳೆಲ್ಲ ಪೋಲಕದ ತೋಳನ್ನು ಬುಡ್ಡೆಯಂತೆ ಉಬ್ಬಿಸಿ ಹೊಲಿಸಿದ್ದರು. ಆ ತೋಳು ಈಗ ಒಂದೇ ವಾರದಲ್ಲಿ ಹಳೆಯದಾಯಿತು. ಏಕೆಂದರೆ ಈ ಹೊಸ ಸಿನಿಮಾದ ನಾಯಕಿ ಹಳ್ಳಿಯ ಹುಡುಗಿ. ಚಿತ್ರದುದ್ದಕ್ಕೂ ಅವಳು ಉಟ್ಟದ್ದು ಅಗಲ ದಡಿಯ ಚೌಕಳಿ ಇಳಕಲ್ ಸೀರೆ.

ಪುಣೆಯವರು ಅದನ್ನು ಇರಕಲ್ ಎನ್ನುತ್ತಾರೆ. ಅಲ್ಲಿಯವರೆಗೆ ಅದು ಅಜ್ಜಿಯರ ಸೀರೆ, ತರಕಾರಿ ಮಾರುವವರ ಸೀರೆ. ತರಬೇತಿ ಕಾಲೇಜಿನಲ್ಲಿ ನಾನು ಅದನ್ನು ಉಟ್ಟು ಹೋದಾಗ "ಅಜ್ಜಿ ಬಂದಳು" ಎಂದು ನಗುತ್ತಿದ್ದ ಹುಡುಗಿಯರೇ ಈಗ ನನ್ನ ಸೆರಗು ಹಿಡಿದು, ನಿಮ್ಮ ಕಾಕಾನ ಅಂಗಡಿ ಎಲ್ಲಿದೆ ಎಂದು ಕೇಳಿದರು. ನಾನು ಹೇಳಿದೆ.

ಅವರು ಬಂದರು. ಅವರಂತೆ ಇನ್ನೂ ಅನೇಕರು ಬಂದರು. "ಸಿನಿಮಾದ ಇರಕಲ್ ತೋರಿಸಿ" ಎಂದು ಮರಾಠಿಯಲ್ಲಿ ಕೇಳಿದರು. ಯಾವ ಬಣ್ಣ ಎಂದು ಕಾಕಾ ಕೇಳಿದರೆ ಒಬ್ಬಳು ನೀಲಿ ಎಂದಳು, ಇನ್ನೊಬ್ಬಳು ಅಂಜೂರದ ಬಣ್ಣ ಎಂದಳು, ಮತ್ತೊಬ್ಬಳು ಕಾಕಾನನ್ನೇ ಗದರಿಸಿದಳು: "ಸೀರೆ ಮಾರುವವರು ನೀವು, ನಿಮಗೇ ಗೊತ್ತಿಲ್ಲವೇ?"

ಕಾಕಾ ಜನ್ಮದಲ್ಲಿ ಸಿನಿಮಾ ನೋಡಿದವರಲ್ಲ. ನೋಡುವ ಮನಸ್ಸೂ ಅವರಿಗಿರಲಿಲ್ಲ. ಆದರೆ ದಸರೆ ಹತ್ತಿರ ಬರುತ್ತಿತ್ತು, ಇಳಕಲ್ಲಿನ ನೇಕಾರನಿಗೆ ಹಬ್ಬದ ಮಾಲಿನ ಬಣ್ಣಗಳನ್ನು ಹೇಳಿಕಳಿಸಬೇಕಾಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಕಾಕೂನ ಕಡೆ ನೋಡದೆ ಹೇಳಿದರು:

"ನಾಳೆ ಈ ಹುಡುಗೀನ ಕರಕೊಂಡು ಹೋಗಿ ಆ ಸಿನೇಮಾ ನೋಡಿ ಬಾ. ಸೀರಿ ಬಣ್ಣ ಯಾವುದಂತ ಖಾತ್ರಿ ಮಾಡ್ಕೊಂಡು ಬಾ."

ಕಾಕೂ ಸೌಟು ಕೆಳಗಿಟ್ಟಳು. "ಸರಿಯಾಗಿ ಹೇಳಿದ್ರ ಮಧ್ಯಾಹ್ನ ಅಂಗಡ್ಯಾಗ ಕೂಡ್ತೀನ್ರಿ ಮತ್ತ."

"ತಪ್ಪಿದ್ರ?"

"ತಪ್ಪಿದ್ರ ಆ ಮಾತು ಮತ್ತ ಎತ್ತಂಗಿಲ್ಲ."

ಕಾಕಾ ಸ್ವಲ್ಪ ಹೊತ್ತು ಅನ್ನ ಕಲಸಿ, "ಆಗಲಿ" ಎಂದರು.

ಥಿಯೇಟರಿನಲ್ಲಿ ಹೆಂಗಸರಿಗೆ ಬೇರೆ ಜಾಗವಿತ್ತು. ಕೂಸುಗಳು ಅಳುತ್ತಿದ್ದವು, ಶೇಂಗಾ ಸಿಪ್ಪೆ ಕಾಲಡಿ ಮುರಿಯುತ್ತಿತ್ತು. ನಾಯಕಿಯ ಅತ್ತೆ ಪರದೆಯ ಮೇಲೆ ಬಂದಾಗಲೆಲ್ಲ ನಮ್ಮ ಹಿಂದೆ ಕೂತವಳೊಬ್ಬಳು ಅವಳನ್ನು ಬಾಯಿತುಂಬ ಬೈಯುತ್ತಿದ್ದಳು. ಕತೆ ಸಾಧಾರಣವಾಗಿತ್ತು. ಆದರೂ ಎಲ್ಲರೂ ಅತ್ತರು, ಕಾಕೂ ಕೂಡ. ಹೊರಗೆ ಮೆಟ್ಟಿಲಿಳಿಯುವಾಗ ನಾನು ಕೇಳಿದೆ:

"ಕಾಕೂ, ಬಣ್ಣ?"

ಅವಳು ಅಲ್ಲೇ ನಿಂತಳು. "ಅಯ್ಯ, ಹಸರಲ್ಲೇನ? ಗಿಳಿ ಹಸರು."

"ನನಗ ನೀಲಿ ಕಂಡ್ತು."

"ಕಣ್ಣಿಗೆ ಚಾಳೀಸು ಬಂದದ ನಿನಗ. ಆ ಬಾವಿಕಟ್ಟಿ ಮ್ಯಾಲ ಕೂತಾಗ ನೋಡ್ಲಿಲ್ಲ? ಎಳೆ ಹುಲ್ಲಿನಂಗ ಇತ್ತು."

ಹೀಗೆ ವಾದಿಸುತ್ತ ಬೀದಿಗೆ ಬಂದು ತಿರುಗಿ ನೋಡಿದರೆ ಥಿಯೇಟರಿನ ಮೇಲೆ ಆಳೆತ್ತರದ ಬಣ್ಣದ ಬೋರ್ಡು. ಅದರಲ್ಲಿ ನಾಯಕಿ ಅಪ್ಪಟ ಗಿಳಿ ಹಸಿರು ಸೀರೆ ಉಟ್ಟಿದ್ದಳು. ಕಾಕೂ ನನ್ನ ರಟ್ಟೆ ಹಿಡಿದು ಅಲುಗಾಡಿಸಿದಳು. ನನಗೂ ಸಮಾಧಾನವಾಯಿತು. ಸಿನಿಮಾದವರೇ ಬರೆಸಿದ ಬೋರ್ಡಿಗಿಂತ ಹೆಚ್ಚಿನ ಪುರಾವೆ ಏನು ಬೇಕು? ಮನೆಗೆ ಹೋಗಿ ನಾನೂ ಹಸಿರೆಂದೇ ಸಾಕ್ಷಿ ಹೇಳಿದೆ.

ಕಾಕಾ ಇಳಕಲ್ಲಿಗೆ ಹೇಳಿಕಳಿಸಿದರು: ಈ ಸಲ ಹತ್ತೆಂಟು ಬಣ್ಣ ಬೇಡ, ಎಲ್ಲ ಮಗ್ಗಕ್ಕೂ ಗಿಳಿ ಹಸಿರು ಹೂಡಿರಿ. ನೂಲಿಗೆ ಬಣ್ಣ ಹಾಕಿ ಹಾಸು ಹೂಡಿದ ಮೇಲೆ ನಡುವೆ ಬದಲಿಸಲು ಬರುವುದಿಲ್ಲ, ನೇಯ್ದದ್ದನ್ನು ತೆಗೆದುಕೊಳ್ಳಲೇಬೇಕು. ಕಾಕಾ ಆ ನೇಕಾರನಿಗೆ ಒಮ್ಮೆಯೂ ಇಲ್ಲವೆಂದವರಲ್ಲ.

ಮಾಲು ರೈಲಿನಲ್ಲಿ ಬಂತು. ಸೀರೆಗಳು ಚೆನ್ನಾಗಿಯೇ ಇದ್ದವು. ಕಪಾಟಿನ ನಡುವಿನ ಸಾಲುಗಳನ್ನೆಲ್ಲ ಖಾಲಿ ಮಾಡಿ ಹಸಿರು ತುಂಬಿದರು. ಮೊದಲು ಬಂದ ಗಿರಾಕಿ ಅದನ್ನು ನೋಡಿ "ಇದಲ್ಲ" ಎಂದಳು. ಎರಡನೆಯವಳೂ ಹಾಗೆಯೇ ಎಂದಳು. ಅಷ್ಟರಲ್ಲಿ ಸಿನಿಮಾ ಲಷ್ಕರಿನ, ಅಂದರೆ ದಂಡಿನ ಪ್ರದೇಶದ, ಇನ್ನೊಂದು ಥಿಯೇಟರಿಗೆ ಹೋಗಿತ್ತು. ಅಲ್ಲಿಯ ಬೋರ್ಡಿನಲ್ಲಿ ನಾಯಕಿಯ ಸೀರೆ ನೇರಳೆ ಬಣ್ಣದ್ದು. ಊರಿಗೆ ಊರೇ ಈಗ ನೇರಳೆ ಕೇಳುತ್ತಿತ್ತು.

ಆ ದಿನ ಕಾಕಾ ಊಟ ಮುಗಿಸಿ ಕೈ ತೊಳೆಯುವಾಗ ಹೇಳಿದರು, "ಇನ್ನ ಆ ಮಾತು ಮುಗೀತು." ಸಿಟ್ಟಿನಿಂದ ಹೇಳಲಿಲ್ಲ. ಕಾಕೂ "ಹೌದ್ರಿ" ಎಂದಳು. ಮರುದಿನ ಅವಳು ದಿನದಂತೆಯೇ ಎಲ್ಲ ಕೆಲಸ ಮಾಡಿದಳು. ಆದರೆ ಅಂಗಡಿಯಲ್ಲಿ ಹೆಣ್ಣು ಧ್ವನಿ ಕೇಳಿದಾಗಲೆಲ್ಲ ಅಂಗಡಿಗೆ ಇಳಿಯುವ ಮೆಟ್ಟಿಲಿನ, ಅಂದರೆ ಜಿನೆಯ, ಬಾಗಿಲು ಹಾಕಿಕೊಂಡಳು. ಮೊದಲು ಅದನ್ನು ತೆರೆದಿಟ್ಟು ಕೇಳುತ್ತಿದ್ದಳು.

ಒಂದೇ ಸೀರೆಗೆ ಎರಡು ಬೋರ್ಡಿನಲ್ಲಿ ಎರಡು ಬಣ್ಣ ಇರುವುದು ನನಗೆ ಸರಿಬರಲಿಲ್ಲ. ಕಾಲೇಜಿನಿಂದ ಬರುವಾಗ ಮೊದಲಿನ ಥಿಯೇಟರಿಗೆ ಹೋದೆ. ಪೇಂಟರ್ ಹಿಂದಿನ ಅಂಗಳದಲ್ಲಿ ಮುಂದಿನ ಸಿನಿಮಾದ ಬೋರ್ಡು ಬರೆಯುತ್ತಿದ್ದ. ಆ ಸೀರೆಗೆ ಹಸಿರನ್ನೇ ಏಕೆ ಹಾಕಿದಿರಿ ಎಂದು ಕೇಳಿದೆ.

"ಅದಕ್ಕೂ ಹಿಂದಿನದು ಕಾಡಿನ ಸಿನಿಮಾ, ಅಕ್ಕಾ. ಡಬ್ಬಿಗಟ್ಟಲೆ ಹಸಿರು ಉಳಿದಿತ್ತು," ಎಂದ ಅವನು ಮರಾಠಿಯಲ್ಲಿ.

"ನೀವು ಸಿನಿಮಾ ನೋಡಲಿಲ್ಲವೇ?"

"ನೋಡಿದರೂ ಅದರಲ್ಲಿ ಎಲ್ಲ ಕಪ್ಪು ಬಿಳುಪೇ ಅಲ್ಲವೇ? ಈಚೆ ಸರಿಯಿರಿ, ನಿಮ್ಮ ಸೀರೆಗೂ ಬಣ್ಣ ಹತ್ತೀತು."

ಮನೆಗೆ ಬಂದು ಕಾಕೂಗೆ ಇದನ್ನು ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟು ಯೋಚಿಸಿದಳು.

"ಅಂದ್ರ ಬಣ್ಣನs ಇದ್ದಿದ್ದಿಲ್ಲ."

"ಇಲ್ಲ. ಬೋರ್ಡು ನೋಡಿ ಮೋಸ ಹೋದಿವಿ."

"ನೀ ಹೋಗಿರಬಹುದು. ನಾ ಬೋರ್ಡ ನೋಡೂಕಿಂತ ಮೊದಲs ಹಸರು ಅಂದಿದ್ದೆ." ಇದು ನಿಜವಾಗಿತ್ತು. ಮೊರ ಮತ್ತೆ ಕೈಗೆತ್ತಿಕೊಂಡು ಹೇಳಿದಳು, "ನನ್ನ ಮದವಿ ಸೀರಿ ಗಿಳಿ ಹಸರು ಇತ್ತು. ಭಾಳ ಛಂದ ಇತ್ತು ಅದು."

ಮಾರನೆಯ ಮಧ್ಯಾಹ್ನ ಕಾಲೇಜಿಗೆ ರಜೆ. ಕೆಳಗೆ ಒಬ್ಬ ಅತ್ತಿಗೆ ಮತ್ತು ಅವಳ ನಾದಿನಿ ಸಿನಿಮಾದ ಸೀರೆ ಕೇಳಿಕೊಂಡು ಬಂದಿದ್ದರು. ಕಾಕಾ ಹಸಿರು ಬಿಚ್ಚಿದರು. ಇಬ್ಬರೂ ಒಟ್ಟಿಗೆ "ಇದಲ್ಲ" ಎಂದು ಎದ್ದರು. ಆಗ ಜಿನೆಯ ಬಾಗಿಲು ತೆರೆಯಿತು. ಕಾಕೂ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಳು. ಗಾದಿಯ ಹತ್ತಿರ ಹೋಗಲಿಲ್ಲ. ನಾನು ಅವಳ ಹಿಂದೆ ಇದ್ದೆ.

"ನಿಮಗೆ ಯಾವ ಬಣ್ಣ ಕಂಡಿತು?" ಎಂದು ಮರಾಠಿಯಲ್ಲಿ ಕೇಳಿದಳು.

"ನೇರಳೆ," ಎಂದಳು ಅತ್ತಿಗೆ.

"ಏನು ವಹಿನಿ, ದಾಳಿಂಬೆ ಕೆಂಪು ಅದು!" ಎಂದಳು ನಾದಿನಿ. "ಬೋರ್ಡು ನೋಡಿ ಹೇಳುತ್ತೀರಿ ನೀವು. ನಾನು ಎರಡು ಸಲ ಸಿನಿಮಾ ನೋಡಿದ್ದೇನೆ."

"ಎರಡು ಸಲ ನೋಡಿದ್ದು ಹಾಡಿಗಾಗಿ. ಸೀರೆಯನ್ನು ಯಾವಾಗ ನೋಡಿದೆ?"

ಅವರ ಜಗಳ ಒಂದು ಹದಕ್ಕೆ ಬರುವವರೆಗೆ ಕಾಕೂ ಕಾದಳು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಸಿನಿಮಾದಲ್ಲಿ ಬಣ್ಣವೇ ಇಲ್ಲ. ಬೋರ್ಡಿನ ಬಣ್ಣ ಪೇಂಟರನ ಡಬ್ಬಿಯದು. ತನಗೂ ಹಸಿರು ಕಂಡಿತ್ತು. ಪರದೆಯ ಮೇಲೆ ನಿಜವಾಗಿ ಇರುವುದು ಚೌಕಳಿ ಮತ್ತು ದಡಿ. ಅವೆರಡೂ ಈ ಅಂಗಡಿಯ ಎಲ್ಲ ಸೀರೆಗಳಲ್ಲೂ ಇವೆ. ಇಬ್ಬರೂ ಬಾಯಿ ತೆರೆದು ಕೇಳಿದರು. ಮೊದಲು ನಾದಿನಿ ನಕ್ಕಳು.

"ಆ ಮ್ಯಾಲಿನ ಸಾಲಿನ್ಯಾಗ ಹೋದ ವರ್ಷದ ದಾಳಿಂಬ್ರದ್ದು ಅದ ನೋಡ್ರಿ, ತಗೀರಿ," ಎಂದಳು ಕಾಕೂ ಕಾಕಾನಿಗೆ.

ಕಾಕಾ ಕನ್ನಡದಲ್ಲಿ ತಗ್ಗಿದ ಧ್ವನಿಯಲ್ಲಿ, "ಸುಳ್ಳು ಹೇಳಿ ಮಾರೂದು ನಮ್ಮ ಅಂಗಡ್ಯಾಗ ಇಲ್ಲ," ಎಂದರು.

"ನಾ ಏನು ಸುಳ್ಳು ಹೇಳೀನ್ರಿ? ಬಣ್ಣ ಇಲ್ಲಂತನs ಹೇಳೀನಲ್ಲ. ಸಿನೇಮಾದ್ದು ಹಸರು ಅಂತ ವಾರದಿಂದ ಹೇಳ್ಲಿಕ್ಕತ್ತವರು ನೀವು."

ಕಾಕಾ ಏಣಿ ಹತ್ತಿದರು. ದಾಳಿಂಬೆಯದು ಬಂತು, ನೇರಳೆಗೆ ಹತ್ತಿರದ ಒಂದು ಹಳೆಯ ಸೀರೆಯೂ ಸಿಕ್ಕಿತು. ಕಾಕೂ ನಾದಿನಿಯನ್ನು ಮೆಟ್ಟಿಲ ಬಳಿಗೆ ಕರೆದು ಅವಳ ಹೆಗಲ ಮೇಲೆ ಸೆರಗು ಇಳಿಬಿಟ್ಟು ದಡಿ ಎಳೆದು ನಿಲ್ಲಿಸಿದಳು. ಕಾಕಾ ಗೋಡೆಯ ಕಡೆ ಮುಖಮಾಡಿ ಮಡಿಚಿದ ಸೀರೆಗಳನ್ನೇ ಮತ್ತೆ ಮಡಿಚುತ್ತ ನಿಂತರು. ಇಬ್ಬರೂ ತಮ್ಮತಮ್ಮದು ಕೊಂಡು, ಯಾರದು ನಿಜವೆಂದು ವಾದಿಸುತ್ತಲೇ ಬೀದಿಗಿಳಿದರು.

ಅಂದು ಇನ್ನೂ ನಾಲ್ಕಾರು ಜನ ಬಂದರು. ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ, ಅದೇ ಉತ್ತರ. ಒಬ್ಬಳಿಗೆ ಹಸಿರೂ ಕಂಡಿತ್ತು. ಅವಳು ಮೊದಲೇ ಕೊಂಡಿದ್ದ ಇರಕಲ್ಲಿನ ಬಗ್ಗೆ ದೂರು ಕೂಡ ತಂದಿದ್ದಳು: ಉಟ್ಟರೆ ಸಿನಿಮಾದ ಹಾಗೆ ಕಾಣುವುದಿಲ್ಲ, ಬಡಿಗೆಯಂತೆ ನಿಲ್ಲುತ್ತದೆ. ಸಿನಿಮಾದವಳ ಸೀರೆ ಹತ್ತು ಸಲ ಒಗೆದದ್ದು, ನೀವೂ ಒಗೆಯಿರಿ, ಎಂದಳು ಕಾಕೂ. ಆ ಗಿರಾಕಿ ಹಸಿರನ್ನೂ ಒಯ್ದಳು. ಉಳಿದ ಹಸಿರು ಖರ್ಚಾಗಲು ಮುಂದಿನ ವರ್ಷದ ದಸರೆಯೇ ಬರಬೇಕಾಯಿತು ಎಂಬುದನ್ನೂ ಹೇಳಬೇಕು. ಅಷ್ಟರಲ್ಲಿ ಬೇರೆ ಸಿನಿಮಾ ಬಂದು, ಇರಕಲ್ ಮತ್ತೆ ಅಜ್ಜಿಯರ ಸೀರೆಯಾಗಿತ್ತು.

ಮರುದಿನ ಮಧ್ಯಾಹ್ನ ಕಾಕೂ ಕೆಳಗೆ ಹೋಗಲಿಲ್ಲ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಳು. ಕೆಳಗೆ ಹೆಂಗಸರ ಮಾತು ಕೇಳುತ್ತಿತ್ತು. "ನಿಮ್ಮ ಮನೆಯ ವಹಿನಿ ಎಲ್ಲಿ?" ಎಂದು ಯಾರೋ ಕೇಳಿದರು. ಕಾಕಾ ಏನೋ ಹೇಳಿದರು. ಮತ್ತೆ ಯಾರೋ ಕೇಳಿದರು. ನಾನು ಕಾಕೂನ ಮುಖ ನೋಡಿದೆ.

"ಬಣ್ಣ ತಪ್ಪಿ ಹೇಳೀನಿ. ಮಾತು ಮಾತs," ಎಂದಳು.

ಜಿನೆಯ ಬುಡದಿಂದ ಕಾಕಾನ ಧ್ವನಿ ಬಂತು. "ಏನು ಮಾಡ್ಲಿಕ್ಕತ್ತೀ ಮ್ಯಾಲ?"

"ಅಕ್ಕಿ ಆರಸ್ತೀನ್ರಿ."

"ಅಕ್ಕಿ ಸಂಜೀಕ ಆರಿಸಿದ್ರ ನಡೀತದ."

"ಆ ಮಾತು ಎತ್ತಂಗಿಲ್ಲ ಅಂದೀನ್ರಿ ನಾ."

ಕಾಕಾ ಎರಡು ಮೆಟ್ಟಿಲು ಹತ್ತಿದ ಸದ್ದಾಯಿತು.

"ನೀ ಎಲ್ಲಿ ಎತ್ತೀದಿ?" ಎಂದರು ಕಾಕಾ. "ನಾ ಎತ್ಲಿಕ್ಕತ್ತೀನಿ. ಬಾ ಲಗೂನ, ಮಂದಿ ನಿಂತಾರ."

ಕಾಕೂ ಮೊರವನ್ನು ನನ್ನ ಕಡೆ ಸರಿಸಿ, ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಇಳಿದಳು. ನಾನು ಜಿನೆಯ ಬಾಗಿಲಿನಿಂದ ಬಗ್ಗಿ ನೋಡಿದೆ. ಕಾಕಾ ಗಾದಿಯ ಒಂದು ಬದಿಗೆ ಸರಿದು ಕೂತಿದ್ದರು. ಒಳಗೆ ಬಂದು ಉಳಿದ ಅಕ್ಕಿ ಆರಿಸಿ ಮುಗಿಸಿದೆ. ಅಷ್ಟರಲ್ಲಿ ನನ್ನ ಓದಿನ ಹೊತ್ತಾಗಿತ್ತು.