ಕಂಕುಳ ಹೊಲಿಗೆ ಬಿಚ್ಚಿದ್ದು

ನಾನು ಸುಳ್ಯ ಪೇಟೆಯಲ್ಲಿ ರವಕೆ ಹೊಲಿಯುವವಳು. ಹೊಲಿಯುವಾಗ ಎರಡೂ ಬದಿಯಲ್ಲಿ ಒಳಗೆ ಒಂದಿಷ್ಟು ಬಟ್ಟೆ ಬಿಡುವುದು ನಮ್ಮ ರೂಢಿ. ಮೈ ಬಂದರೆ ಒಂದು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಬಹುದು. ಬಿಚ್ಚುವಾಗ ಯಾಕೆ ದಪ್ಪ ಆದದ್ದು ಎಂದು ಮಾತ್ರ ಕೇಳಬಾರದು. ಈ ಬುದ್ಧಿ ಬಾಯಿ ಜೋರಿನ ನನಗೆ ನಾಲ್ಕಾರು ಗಿರಾಕಿಗಳನ್ನು ಕಳೆದುಕೊಂಡ ಮೇಲೆ ಬಂದದ್ದು.

ನನ್ನ ಅಕ್ಕ ಅಜ್ಜಾವರದ ಕಡೆ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ರವಕೆ ತಂದು, "ಎಡದ ಕಂಕುಳಲ್ಲಿ ಬಿಗಿ ಆಗ್ತದೆ, ಸ್ವಲ್ಪ ಲೂಸ್ ಮಾಡಿ ಕೊಡು" ಎಂದಳು. ಮಾಡಿಕೊಟ್ಟೆ. ದಸರೆಗೆ ಮತ್ತೆ ತಂದಳು, ಮತ್ತೆ ಎಡಕ್ಕೇ. ಮೂರನೇ ಸಲ ತರುವಾಗ ಒಳಗೆ ಬಿಟ್ಟ ಬಟ್ಟೆಯೇ ಮುಗಿದಿತ್ತು. ಬೇರೆ ತುಂಡು ಕೊಟ್ಟು ಹೊಲಿದೆ. ಮೈ ಬರುವುದಾದರೆ ಎರಡೂ ಬದಿಗೆ ಬರಬೇಕಲ್ಲ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು. "ಎಡಚಿ ಅಲ್ವಾ ನೀನು, ಸೌಟು ತಿರುಗಿಸಿ ತಿರುಗಿಸಿ ತೋಳು ಬಂದದ್ದು ಮಾರಾಯ್ತಿ" ಎಂದು ತಮಾಷೆ ಮಾಡಿದೆ. ಅವಳೂ ನಕ್ಕಳು.

ಕೊನೆಗೆ ಒಂದು ದಿನ ಅನ್ನದ ಪಾತ್ರೆ ಇಳಿಸುವಾಗ ಎಡಗೈ ಸೋತಿತು. ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎದೆಯಲ್ಲಿ ಒಂದು ಗಡ್ಡೆ, ಕಂಕುಳಲ್ಲಿ ಇನ್ನೊಂದು. ಸೂಜಿ ಹಾಕಿ ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. "ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ವಾ?" ಎಂದು ಡಾಕ್ಟ್ರಮ್ಮ ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ತಲೆ ತಗ್ಗಿಸಿದೆ.

ಅಕ್ಕ ಹೊರಗೆ ಕೂತಿದ್ದಳು. ಬೇರೆ ಕಡೆಗೂ ಹರಡಿರಬಹುದು ಎಂದರು. ಹರಡುವುದು ಎಂದರೆ ಎಂತ ಎಂದು ಕೇಳಿದೆ. ಡಾಕ್ಟ್ರಮ್ಮ ಚೀಟಿಯ ಹಿಂದೆ ಒಂದು ರಕ್ತನಾಳ ಬರೆದರು. ಗಡ್ಡೆಯ ಕಣಗಳು ರಕ್ತಕ್ಕೆ ಇಳಿದು ಹೊರಡುತ್ತವೆ. ಹೆಚ್ಚಿನವು ದಾರಿಯಲ್ಲೇ ಸಾಯುತ್ತವೆ. ಎಲ್ಲೋ ಒಂದು ಸಪೂರ ನಾಳದಲ್ಲಿ ಒಂದು ಕಣ ಸಿಕ್ಕಿಕೊಂಡು ಗೋಡೆಗೆ ಅಂಟುತ್ತದೆ. ಮತ್ತೆ ಸಂದಿನಲ್ಲಿ ತೂರಿ ಹೊರಗೆ ಬಂದು, ಬದುಕಿದರೆ ಅಲ್ಲೇ ಬೆಳೆಯುತ್ತದೆ.

"ಗೋಡೆ ಸುಮ್ಮನೆ ಬಿಡ್ತದಾ?" ಎಂದೆ.

"ಗೋಡೆಯ ಕಣಗಳೇ ಸ್ವಲ್ಪ ಸರಿದು ಜಾಗ ಬಿಡುವ ಹಾಗೆ ಇವು ಮಾಡ್ತವೆ. ಎಲ್ಲಾದ್ರೂ ಹೊರಗೆ ಬಂದು ಬೆಳೆದಿದೆಯಾ ಅಂತ ಸ್ಕ್ಯಾನಿನಲ್ಲಿ ನೋಡ್ಬೇಕು."

ಮೂರು ಸಲ ಜಾಗ ಬಿಟ್ಟುಕೊಟ್ಟವಳು ನಾನೇ ಅಲ್ಲವೇ?

ಸ್ಕ್ಯಾನಿನ ವರದಿ ಬರುವವರೆಗೆ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಅವಳು ಕೆಮ್ಮಿದರೆ ಶ್ವಾಸಕೋಶಕ್ಕೆ ಹೋಯಿತು ಅಂದುಕೊಂಡೆ, ಸೊಂಟ ಹಿಡಿದುಕೊಂಡರೆ ಎಲುಬಿಗೆ. ಹೆದರಿಕೆ ಹೆಚ್ಚಾದಷ್ಟೂ ನನ್ನ ಬಾಯಿ ಜೋರಾಯಿತು. ಗಂಜಿ ಉಳಿಸಿದ್ದಕ್ಕೆ ಬೈದೆ, ಬಟ್ಟೆ ಒಗೆಯಲು ಕೂತದ್ದಕ್ಕೆ ಬೈದೆ. ಹೊಲಿಗೆ ಮೆಷಿನ್ ಹತ್ತಿರ ಹೋಗಲು ಮಾತ್ರ ಆಗಲಿಲ್ಲ.

ವರದಿ ಬಂತು. ಶ್ವಾಸಕೋಶದಲ್ಲಿ ಎರಡು ಕಡೆ ಉಂಟು. "ಮದ್ದು ಶುರು ಮಾಡುವ. ತುಂಬ ದಿನ ಹಿಡಿದಿಡ್ಲಿಕ್ಕೆ ಆಗ್ಬಹುದು. ಪೂರ್ತಿ ಹೋಗ್ತದೆ ಅಂತ ನಾನು ಹೇಳುದಿಲ್ಲ" ಎಂದರು ಡಾಕ್ಟ್ರಮ್ಮ. ಈ ಸಲ ಅಕ್ಕನೂ ಒಳಗೆ ಇದ್ದಳು.

ಸುಳ್ಯದ ಬಸ್ಸು ಕುಂಬ್ರ ದಾಟುವಾಗ ನನಗೆ ತಡೆಯಲಾಗಲಿಲ್ಲ. "ನಾನು ಆವಾಗ್ಲೇ ಕೇಳ್ಬೇಕಿತ್ತು ಅಕ್ಕ. ಕೇಳದೆ ಬಿಚ್ಚಿ ಬಿಚ್ಚಿ ಕೊಟ್ಟೆ" ಎಂದು ಅತ್ತೆ.

ಅವಳು ಸಿಟ್ಟಿಲ್ಲದೆ ಹೇಳಿದಳು: "ಮೊದಲ ಸಲ ನೀನು ಕೇಳದೆ ಇದ್ದದ್ದೇ ಒಳ್ಳೆದಾಯ್ತು ಅಂತ ಇತ್ತು ನನಗೆ. ಮೂರನೇ ಸಲ, ನೀನು ಕೇಳಿದ್ರೆ ಗಡ್ಡೆಯ ವಿಷಯ ಹೇಳಿಬಿಡುವ ಅಂತಲೇ ಬಂದದ್ದು."